ಸೊನ್ನೆ ಎಣಿಸಿದ ಗಣಿ

ಕೋಲಾರದ ಕೆ.ಜಿ.ಎಫ್. ಬಗ್ಗೆ ಕ್ವಿಜ್‌ನಲ್ಲಿ ಪ್ರಶ್ನೆ ಬಂದರೆ ಉತ್ತರ ಸಾಮಾನ್ಯವಾಗಿ ಚಿನ್ನ. ಇಲ್ಲವೇ 1902ರಲ್ಲಿ ಶಿವನಸಮುದ್ರದಿಂದ ಬಂದ ಕರೆಂಟು. ಈಚೆಗೆ ಯಶ್ ಸಿನಿಮಾ. ಇವೆಲ್ಲಕ್ಕಿಂತ ದೊಡ್ಡ ಬೆರಗು ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿತ್ತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣ ಮೊತ್ತಮೊದಲು ಸುಳಿವು ಕೊಟ್ಟ ಎರಡೇ ತಾಣಗಳಲ್ಲಿ ಅದೂ ಒಂದು. ಇನ್ನೊಂದು ದಕ್ಷಿಣ ಆಫ್ರಿಕಾದಲ್ಲಿತ್ತು. ಅದೂ ಚಿನ್ನದ ಗಣಿಯೇ.

ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ನಮ್ಮ ವಾತಾವರಣಕ್ಕೆ ಬಡಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಅಂಗೈ ಚಾಚಿದರೆ ನಿಮಿಷಕ್ಕೆ ಸುಮಾರು ನೂರು ಮ್ಯೂಆನ್‌ಗಳು ಅದರ ಮೂಲಕ ಹಾದುಹೋಗುತ್ತವೆ. ನೆಲದೊಳಕ್ಕೆ ಇಳಿದಷ್ಟೂ ಬಂಡೆ ಅವನ್ನು ತಡೆಯುತ್ತದೆ. ಎಷ್ಟು ಆಳದವರೆಗೆ ಅವು ನುಗ್ಗಬಲ್ಲವು ಎಂದು ಅಳೆಯಲು 1951ರಲ್ಲಿ ಹೋಮಿ ಭಾಭಾ ಕೋಲಾರಕ್ಕೆ ಕಳಿಸಿದ್ದು ನಂಜನಗೂಡಿನ ತರುಣ ಬಿ.ವಿ. ಶ್ರೀಕಂಠನ್ ಅವರನ್ನು. ಕೂಲಿಯಾಳುಗಳು ಇಳಿಯುವ ಕೇಜಿನಲ್ಲೇ ಭೌತವಿಜ್ಞಾನದ ಉಪಕರಣಗಳೂ ಇಳಿದವು.

ಮುಂದಿನ ದಶಕದ ಆರಂಭದಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 2.7 ಕಿ.ಮೀ.ಗೂ ಹೆಚ್ಚು ಆಳದಲ್ಲಿ ಉಪಕರಣವಿಟ್ಟು ಸುಮಾರು ಎರಡು ತಿಂಗಳು ಕಾದರು. ಬಂದ ಮ್ಯೂಆನ್: ಸೊನ್ನೆ.

ಆ ಸೊನ್ನೆಯೇ ಬಂಗಾರವಾಯಿತು. ಮ್ಯೂಆನ್ ಮುಟ್ಟಲಾಗದಷ್ಟು ಆಳಕ್ಕೂ ಸಲೀಸಾಗಿ ಇಳಿಯುವ ಕಣ ನ್ಯೂಟ್ರಿನೊ ಒಂದೇ. ಅದು ಅಪರೂಪಕ್ಕೆ ಬಂಡೆಯ ಪರಮಾಣುವಿಗೆ ಡಿಕ್ಕಿ ಹೊಡೆದು ಹೊಸ ಮ್ಯೂಆನ್ ಹುಟ್ಟಿಸಿದರೆ, ಗದ್ದಲವೇ ಇಲ್ಲದ ಆ ಜಾಗದಲ್ಲಿ ಅದು ಸ್ಪಷ್ಟವಾಗಿ ಕಾಣಿಸಬೇಕು.

ಮುಂಬೈ ತಂಡದ ಜೊತೆ ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್‌ಹಮ್ ವಿಶ್ವವಿದ್ಯಾಲಯದವರು ಸೇರಿದರು. ಸುಮಾರು 2.3 ಕಿ.ಮೀ. ಆಳದಲ್ಲಿ, ಕಣ ಹಾದಾಗ ಮಿನುಗುವ ಸಿಂಟಿಲೇಟರ್ ಹಲಗೆಗಳ ಎರಡು ಗೋಡೆಗಳು ನಿಂತವು; ನಡುವೆ ಸಾಲುಸಾಲು ನಿಯಾನ್ ಕೊಳವೆಗಳು. ಗೋಡೆ ಎಬ್ಬಿಸಿದ್ದರಲ್ಲೇ ಜಾಣ್ಮೆಯಿತ್ತು. ಮೇಲಿನಿಂದ ಹೇಗೋ ನುಸುಳಿದ ಮ್ಯೂಆನ್ ಹೆಚ್ಚುಕಡಿಮೆ ನೇರ ಕೆಳಕ್ಕೇ ಬರುತ್ತದೆ. ಅಡ್ಡಲಾಗಿ ಬರುವುದೆಂದರೆ ಎಷ್ಟೋ ಕಿಲೊಮೀಟರ್ ಬಂಡೆ ದಾಟಬೇಕು, ಅದು ಮ್ಯೂಆನ್‌ನ ಕೈಲಾಗದು. ಹಾಗಾಗಿ ಎರಡೂ ಗೋಡೆ ದಾಟಿದ ಅಡ್ಡ ಗೆರೆಯೊಂದು ನಿಯಾನ್ ಬೆಳಕಿನಲ್ಲಿ ಮೂಡಿತೆಂದರೆ, ಅದರ ಹಿಂದೆ ನ್ಯೂಟ್ರಿನೊ ಇದೆ ಎಂದೇ ಅರ್ಥ.

1965ರಲ್ಲಿ ಅಂಥ ಗೆರೆಗಳು ಸಿಕ್ಕವು. ಫ್ರೆಡರಿಕ್ ರೈನ್ಸ್ ನೇತೃತ್ವದ ತಂಡ ದಕ್ಷಿಣ ಆಫ್ರಿಕಾದಲ್ಲಿ ಅದೇ ವರ್ಷ ಫೆಬ್ರುವರಿಯಲ್ಲೇ ಒಂದನ್ನು ಹಿಡಿದಿತ್ತು. ಆದರೆ ಅಚ್ಚಾಗಿ ಮೊದಲು ಹೊರಬಂದದ್ದು ಕೋಲಾರದ ವರದಿ, ಆಗಸ್ಟ್ 15ರಂದು. ರೈನ್ಸ್ ತಂಡದ್ದು ಎರಡು ವಾರ ತಡವಾಗಿ. ಹಿರಿಮೆಯನ್ನು ಇಬ್ಬರಿಗೂ ಹಂಚುವುದೇ ನ್ಯಾಯ.

1980ರಲ್ಲಿ ಪ್ರೋಟಾನ್ ಎಂದಾದರೂ ಸಾಯುತ್ತದೆಯೇ ಎಂದು ನೋಡಲು 140 ಟನ್ ಕಬ್ಬಿಣದ ಶೋಧಕವೂ ಅಲ್ಲಿ ಕೆಲಸ ಶುರುಮಾಡಿತು. ಲಾಭವಿಲ್ಲದ ಗಣಿ ಒಂದೊಂದೇ ಹಂತ ಮುಚ್ಚುತ್ತ ಬಂದಾಗ ಪ್ರಯೋಗಗಳೂ ನಿಂತವು. 2001ರ ಫೆಬ್ರುವರಿ 28ಕ್ಕೆ ಗಣಿಗೇ ಬೀಗ ಬಿತ್ತು. ಅದಕ್ಕೆ ಮೂರು ವರ್ಷ ಮೊದಲು, 1998ರಲ್ಲಿ, ಜಪಾನಿನ ಸೂಪರ್ ಕಾಮಿಯೊಕಾಂಡೆ ಪ್ರಯೋಗಾಲಯ ನ್ಯೂಟ್ರಿನೊಗೆ ದ್ರವ್ಯರಾಶಿಯಿದೆ ಎಂದು ತೋರಿಸಿತು. ಮುಂದೆ 2015ರ ನೊಬೆಲ್‌ಗೆ ದಾರಿ ಮಾಡಿದ ಆ ಶೋಧಕ್ಕೆ ಆಧಾರವಾದದ್ದೂ ಇದೇ ವಾತಾವರಣದ ನ್ಯೂಟ್ರಿನೊಗಳು. ಆ ಪ್ರಯೋಗಾಲಯ ಇರುವುದು ಸುಮಾರು 1 ಕಿ.ಮೀ. ಆಳದಲ್ಲಿ, ಕೋಲಾರದವರು ಇಳಿದದ್ದರ ಅರ್ಧಕ್ಕಿಂತ ಕಡಿಮೆ.