ಸರ್ಟಿಫಿಕೇಟು ಉಂಟು, ಪ್ರಶ್ನೆ ಇಲ್ಲ

ಶುರು ಮಾಡುವುದು ಕಂಬಳದಿಂದ, ಆದರೆ ವಿಷಯ ಕಂಬಳದ್ದಲ್ಲ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ನಮ್ಮ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಲೆಕ್ಕ ಹಾಕಿ ನೂರು ಮೀಟರಿಗೆ 9.55 ಸೆಕೆಂಡ್ ಅಂದರು, ಉಸೇನ್ ಬೋಲ್ಟನ 9.58ರ ಪಕ್ಕದಲ್ಲಿ ಇಟ್ಟರು. ದೆಹಲಿಯಿಂದ ಟ್ರಯಲ್ಸಿಗೆ ಆಹ್ವಾನವೂ ಬಂತು. ಗೌಡರು ಮಾತ್ರ ಆ ಓಟ ಬೇರೆ, ಈ ಓಟ ಬೇರೆ ಅಂತ ಹೇಳಿ ಕಂಬಳದಲ್ಲೇ ಉಳಿದರು. ಆ ಅಂಕಿಯನ್ನು ಬೋಲ್ಟನ ಜೊತೆ ಹೋಲಿಸಬಹುದಾ ಎಂಬುದು ಬೇರೆ ಮಾತು. ಆದರೆ ಓಡಿದ್ದು ಹೌದಾ ಅಂತ ಯಾರೂ ಕೇಳಲಿಲ್ಲ. ಯಾಕೆಂದರೆ ಕರೆಯ ಎರಡೂ ಬದಿಯಲ್ಲಿ ಜನ ನಿಂತು ನೋಡಿದ್ದರು.

ನಮ್ಮ ಕಡೆಯ ಬಹಳಷ್ಟು 'ಇಂಟರ್‌ನ್ಯಾಷನಲ್ ಕಾನ್ಫರೆನ್ಸು'ಗಳಲ್ಲಿ ಇದು ಉಲ್ಟಾ. ಅಂಕಿ ಉಂಟು, ಸರ್ಟಿಫಿಕೇಟು ಉಂಟು, ನಿಂತು ನೋಡುವವರು ಮಾತ್ರ ಇಲ್ಲ.

ನಾನು ಸಂಶೋಧಕ ಅಲ್ಲ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವ. ಆದರೂ ಈ ವಿಷಯ ನನ್ನ ಫೋನಿಗೆ ಆಗಾಗ ಬರುತ್ತದೆ. ಬಡಗ ಮಿಜಾರಿನಲ್ಲಿ 2007ರಲ್ಲಿ ಮೈಟ್ ಬಂತು, 2008ರಲ್ಲಿ ಆಳ್ವಾಸ್‌ನ ಎಂಜಿನಿಯರಿಂಗ್ ಕಾಲೇಜು ಬಂತು. ಅದಕ್ಕೂ ಮೊದಲು ನಮ್ಮ ಮಕ್ಕಳು ಸುರತ್ಕಲ್ಲಿಗೋ ನಿಟ್ಟೆಗೋ ಹೋಗಬೇಕಿತ್ತು. ಈಗ ಬೀಡಿ ಕಟ್ಟುವ ಮನೆಯ ಜಗಲಿಯಲ್ಲೂ ಎಂ.ಟೆಕ್, ಪಿಎಚ್.ಡಿ. ಎಂಬ ಶಬ್ದ ಕೇಳುತ್ತದೆ. ಸಂತೋಷದ ವಿಷಯವೇ. ಅದರ ಹಿಂದೆಯೇ ಈ ಪ್ರಶ್ನೆಯೂ ಬರುತ್ತದೆ: "ಅಣ್ಣಾ, ಈ ಕಾನ್ಫರೆನ್ಸಿಗೆ ದುಡ್ಡು ಕಟ್ಟಬಹುದಾ?"

ಒಂದು ಉದಾಹರಣೆ ಹೇಳುತ್ತೇನೆ. ನೆರೆಮನೆಯ ಹುಡುಗಿ, ಬೇರೆ ಜಿಲ್ಲೆಯ ಒಂದು ಕಾಲೇಜಿನಲ್ಲಿ ಎಂ.ಟೆಕ್. ಅಡಿಕೆಯ ಕೊಳೆರೋಗವನ್ನು ಫೋಟೋ ನೋಡಿ ಗುರುತಿಸುವ ಪ್ರೋಗ್ರಾಂ ಬರೆದಿದ್ದಳು. ನಮ್ಮೂರಿಗೆ ಬೇಕಾದ ಕೆಲಸವೇ. ಪೇಪರ್ ಕಳಿಸಿದ ಎರಡೇ ದಿನದಲ್ಲಿ 'ಸ್ವೀಕರಿಸಲಾಗಿದೆ' ಅಂತ ಮೇಲ್ ಬಂತು, ಜೊತೆಗೆ 8,500 ರೂಪಾಯಿ ಕಟ್ಟುವ ಲಿಂಕ್. ಪರಿಶೀಲಕರ ಅಭಿಪ್ರಾಯ ಎರಡು ಸಾಲು: ಕೆಲಸ ಚೆನ್ನಾಗಿದೆ, ಇಂಗ್ಲಿಷ್ ತಿದ್ದಿ. ದುಡ್ಡು ಅವಳ ಅಮ್ಮನ ಬೀಡಿ ಲೆಕ್ಕದಿಂದ ಬಂತು. ಅಲ್ಲಿ ಹೋದರೆ ಕ್ಲಾಸ್‌ರೂಮಿನಲ್ಲಿ ಏಳೆಂಟು ಜನ, ಎಲ್ಲರೂ ತಮ್ಮ ಸರದಿಗೆ ಕಾಯುವವರು. ಐದು ನಿಮಿಷದ ಮಾತು. ಅಧ್ಯಕ್ಷತೆ ವಹಿಸಿದವರು "ಎನಿ ಕ್ವೆಶ್ಚನ್ಸ್?" ಅಂತ ಕೇಳಿ ವಾಚು ನೋಡಿಕೊಂಡರಂತೆ. ಊಟದ ಮೊದಲೇ ಸರ್ಟಿಫಿಕೇಟು ಸಿಕ್ಕಿತು. ಊಟ ಆದಮೇಲೆ ಹಾಲ್ ಖಾಲಿ.

ರಜೆಯಲ್ಲಿ ಊರಿಗೆ ಹೋದಾಗ ಅವಳು ಆ ಪೇಪರ್ ತೋರಿಸಿದಳು. ನೂರಕ್ಕೆ 97 ಸರಿ ಉತ್ತರ ಅಂತ ಬರೆದಿತ್ತು. ನಾನು ಕೇಳಿದ್ದು ಒಂದೇ: "ಒಂದೇ ಗೊನೆಯ ಫೋಟೋಗಳು ಕಲಿಸುವುದಕ್ಕೂ ಪರೀಕ್ಷೆಗೂ ಎರಡೂ ಕಡೆ ಹೋಗಿವೆಯಾ ಮಾರಾಯ್ತಿ?" ಹೋಗಿದ್ದವು. ಅಂದರೆ ಮನೆಯಲ್ಲಿ ಬಿಡಿಸಿದ ಲೆಕ್ಕವನ್ನೇ ಪರೀಕ್ಷೆಯಲ್ಲಿ ಕೊಟ್ಟ ಹಾಗೆ. ಗೊನೆಗಳನ್ನು ಬೇರೆ ಮಾಡಿ ಮತ್ತೆ ಓಡಿಸಿದಾಗ ಅಂಕಿ ತುಂಬಾ ಕೆಳಗೆ ಬಂತು. ಅವಳು ಪಿಎಚ್.ಡಿ.ಗೆ ಅರ್ಜಿ ಹಾಕಲು ಹೊರಟದ್ದು ಇದೇ ಕೆಲಸದ ಮೇಲೆ. ಮುಂದೆ ಸಂದರ್ಶನದಲ್ಲಿ ಯಾರಾದರೂ ಇದನ್ನು ಕೇಳಿದ್ದರೆ?

ಇಂಥ ಪ್ರಶ್ನೆ ಕೇಳಲು ಪ್ರೊಫೆಸರ್ ಆಗಬೇಕಿಲ್ಲ. ನಮ್ಮ ಆಫೀಸಿನಲ್ಲಿ ನಾಲ್ಕು ಸಾಲು ಕೋಡ್ ಬರೆದರೂ ಇನ್ನೊಬ್ಬ ನೋಡಿ ಒಪ್ಪದೆ ಅದು ಒಳಗೆ ಹೋಗುವುದಿಲ್ಲ. ಕಾನ್ಫರೆನ್ಸ್ ಇರುವುದೇ ಅದಕ್ಕೆ. ಅಲ್ಲಿ ಮಾರಾಟಕ್ಕೆ ಇಡಬೇಕಾದ ಸಾಮಾನು ಅಂತ ಏನಾದರೂ ಇದ್ದರೆ ಅದು ಪ್ರಶ್ನೆ. 8,500 ಕೊಟ್ಟವಳಿಗೆ ಅದೊಂದು ಬಿಟ್ಟು ಬಾಕಿ ಎಲ್ಲ ಸಿಕ್ಕಿತು: ಬ್ಯಾಗು, ಪೆನ್ನು, ಊಟ, ಗ್ರೂಪ್ ಫೋಟೋ.

ಹೀಗೆ ಯಾಕಾಯಿತು? ನಡೆಸುವವರನ್ನು ಬೈದರೆ ಅರ್ಧ ಸತ್ಯ. ಯುಜಿಸಿ 2010ರಲ್ಲಿ ಅಧ್ಯಾಪಕರ ಬಡ್ತಿಗೆ ಅಂಕಗಳ ಪಟ್ಟಿ ಮಾಡಿತು. ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಪೇಪರ್ ಓದಿದರೆ 10 ಅಂಕ, ರಾಷ್ಟ್ರೀಯಕ್ಕೆ 7.5, ರಾಜ್ಯ ಮಟ್ಟಕ್ಕೆ 5. ಬ್ಯಾನರಿನಲ್ಲಿ ಒಂದು ಶಬ್ದ ಬದಲಾದರೆ ಅಂಕ ಇಮ್ಮಡಿ! ಮತ್ತೆ ಎಲ್ಲವೂ ಅಂತರರಾಷ್ಟ್ರೀಯ ಆಗದೆ ಇರುತ್ತದಾ ಮಾರ್ರೆ? 2016ರ ನಿಯಮದಲ್ಲಿ ಪಿಎಚ್.ಡಿ. ಪ್ರಬಂಧ ಕೊಡುವ ಮೊದಲು ಒಂದು ಜರ್ನಲ್ ಲೇಖನ, ಎರಡು ಕಾನ್ಫರೆನ್ಸ್ ಮಂಡನೆ ಕಡ್ಡಾಯ ಆಯಿತು. 2022ರ ನವೆಂಬರಿನಲ್ಲಿ ಆ ಕಡ್ಡಾಯವನ್ನು ತೆಗೆದರು. ಆದರೆ ಅಷ್ಟರಲ್ಲಿ ಅಂಗಡಿಗಳು ತೆರೆದು ಆಗಿತ್ತು. ಕಾಲೇಜುಗಳಿಗೆ ನ್ಯಾಕ್‌ನವರು ಬಂದಾಗ ತೋರಿಸಲು ಪೇಪರುಗಳ ಎಣಿಕೆ ಬೇಕು, ಹಾಗಾಗಿ ಅಂಗಡಿ ಮುಚ್ಚಲಿಲ್ಲ.

ಇದು ನಮ್ಮ ದೇಶದ ರೋಗ ಮಾತ್ರ ಅಂತಲ್ಲ. 2005ರಲ್ಲಿ ಅಮೆರಿಕದ ಎಂಐಟಿಯ ಮೂವರು ವಿದ್ಯಾರ್ಥಿಗಳು ಅರ್ಥವಿಲ್ಲದ ಪೇಪರನ್ನು ತಾನೇ ಬರೆಯುವ 'ಸೈಜೆನ್' ಎಂಬ ಪ್ರೋಗ್ರಾಂ ಮಾಡಿ, ಅದು ಬರೆದ ಒಂದನ್ನು ಒಂದು ಸಮ್ಮೇಳನಕ್ಕೆ ಕಳಿಸಿದರು. ಸ್ವೀಕಾರ ಆಯಿತು! 2014ರಲ್ಲಿ ಸ್ಪ್ರಿಂಗರ್ ಮತ್ತು ಐಇಇಇ ಅಂಥ 120ಕ್ಕೂ ಹೆಚ್ಚು ಪೇಪರುಗಳನ್ನು ತಮ್ಮ ಸಂಗ್ರಹದಿಂದ ತೆಗೆಯಬೇಕಾಯಿತು. ಹಾಗಾಗಿ ಬ್ಯಾನರಿನಲ್ಲಿ ದೊಡ್ಡ ಹೆಸರು ಕಂಡ ಕೂಡಲೇ ನಂಬುವ ಹಾಗಿಲ್ಲ. ಹೈದರಾಬಾದಿನ ಓಮಿಕ್ಸ್ ಕಂಪನಿಯ ಕಥೆ ಇನ್ನೂ ದೊಡ್ಡದು. ಒಪ್ಪಿಗೆ ಕೊಡದ ವಿಜ್ಞಾನಿಗಳ ಹೆಸರು ಹಾಕಿ ಸಮ್ಮೇಳನದ ಪ್ರಚಾರ ಮಾಡಿದ್ದೂ ಸೇರಿ ಹಲವು ಆರೋಪಗಳ ಮೇಲೆ ಅಮೆರಿಕದ ವ್ಯಾಪಾರ ಆಯೋಗ ಕೋರ್ಟಿಗೆ ಹೋಯಿತು. 2019ರಲ್ಲಿ ಕೋರ್ಟು ಐದು ಕೋಟಿ ಡಾಲರಿಗೂ ಹೆಚ್ಚು ಕಟ್ಟಲು ಹೇಳಿತು.

ಹಾಗಾದರೆ ದುಡ್ಡು ಕೊಡದೆ ಕಲಿಯುವ ದಾರಿ ಇಲ್ಲವಾ? ಉಂಟು. ಬೆಂಗಳೂರಿನ ಹೆಸರಘಟ್ಟದ ಹತ್ತಿರ ಐಸಿಟಿಎಸ್ ಎಂಬ ಕೇಂದ್ರ ಇದೆ. ಅಲ್ಲಿಯ ಕಾರ್ಯಾಗಾರಗಳಿಗೆ ಅರ್ಜಿ ಹಾಕಿ ಆಯ್ಕೆಯಾದ ವಿದ್ಯಾರ್ಥಿಗಳಿಗೆ ಊಟ ವಸತಿ ಅವರದ್ದೇ, ಉಪನ್ಯಾಸಗಳು ಯೂಟ್ಯೂಬಿನಲ್ಲೂ ಸಿಗುತ್ತವೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ಪಿನಲ್ಲಿ ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ ಮಾಡಬಹುದು. ಇಲ್ಲಿ ದುಡ್ಡು ಕೊಡುವವರು ಅವರು, ನಾವಲ್ಲ. ಕಂಪ್ಯೂಟರ್ ಸೈನ್ಸಿನವರಿಗೆ 1981ರಿಂದ ನಡೆಯುತ್ತಿರುವ ಎಫ್‌ಎಸ್‌ಟಿಟಿಸಿಎಸ್ ಸಮ್ಮೇಳನ ಇದೆ. ಹೊರದೇಶದ ಒಳ್ಳೆಯ ಸಮ್ಮೇಳನದಲ್ಲಿ ಪೇಪರ್ ಸ್ವೀಕಾರವಾದರೆ ಎಸಿಎಂ ಇಂಡಿಯಾ ಮತ್ತು ಐಎಆರ್‌ಸಿಎಸ್ ಪ್ರಯಾಣಕ್ಕೆ ನೆರವು ಕೊಡುತ್ತವೆ.

ಇದರಲ್ಲೂ ಒಂದು ತಕರಾರು ಉಂಟು. ಇವುಗಳ ಸುದ್ದಿ ಈಗಾಗಲೇ ಗೊತ್ತಿರುವವರ ನಡುವೆಯೇ ತಿರುಗುತ್ತದೆ. ಐಐಎಸ್‌ಸಿಯ ಹುಡುಗನಿಗೆ ಸೀನಿಯರ್ ಹೇಳುತ್ತಾನೆ. ನಮ್ಮ ಹುಡುಗಿಗೆ ಹೇಳುವವರು ಯಾರು? ಅವಳ ಇನ್‌ಬಾಕ್ಸಿಗೆ ದಿನಾ ಬರುವುದು 8,500ರ ಲಿಂಕ್ ಮಾತ್ರ. ಒಳ್ಳೆಯದು ಸುಮ್ಮನೆ ಕೂತಿರುತ್ತದೆ, ಕೆಟ್ಟದ್ದು ಮನೆ ಬಾಗಿಲಿಗೆ ಬಂದು ಕರೆಯುತ್ತದೆ.

ದೂರ ಎಂಬುದು ನಮಗೆ ಮಾತ್ರ ಇರುವ ತೊಂದರೆಯೂ ಅಲ್ಲ. 2018ರಲ್ಲಿ ಕೆನಡಾದ ಮಾಂಟ್ರಿಯಲಿನಲ್ಲಿ ನಡೆದ ನ್ಯೂರಿಪ್ಸ್ ಸಮ್ಮೇಳನಕ್ಕೆ ಹೊರಟ ಎಷ್ಟೋ ಆಫ್ರಿಕನ್ ಸಂಶೋಧಕರಿಗೆ ವೀಸಾ ಸಿಗಲಿಲ್ಲ. ಅದು ದೊಡ್ಡ ಚರ್ಚೆಯಾಯಿತು. ಅದೇ ಕ್ಷೇತ್ರದ ಐಸಿಎಲ್‌ಆರ್ ಸಮ್ಮೇಳನ 2020ಕ್ಕೆ ಅಡಿಸ್ ಅಬಾಬವನ್ನು ಆರಿಸಿತು. ಕೊರೋನಾದಿಂದ ಅದು ಆನ್‌ಲೈನ್ ಆಯಿತು, 2023ರಲ್ಲಿ ರುವಾಂಡದ ಕಿಗಾಲಿಯಲ್ಲಿ ನಡೆದೇ ನಡೆಯಿತು. ಕಲಿಯುವವರು ಬರಲಾಗದಿದ್ದರೆ ಸಮ್ಮೇಳನವೇ ಅವರ ಕಡೆ ಹೋಗಬೇಕು ಎಂಬುದು ಅಲ್ಲಿಯ ತರ್ಕ.

ಆ ತರ್ಕ ಮೂಡುಬಿದಿರೆಗೂ ಹೊಂದುತ್ತದೆ. ಸಾವಿರಾರು ಜನರಿಗೆ ಊಟ ವಸತಿ ಮಾಡುವುದು ನಮಗೆ ಹೊಸತಲ್ಲ. 2004ರಲ್ಲಿ ಶುರುವಾದ ನುಡಿಸಿರಿಯನ್ನು ನೋಡಿದವರಿಗೆ ಗೊತ್ತು. ಎದುರುತ್ತರ ಕೊಡುವುದೂ ಹೊಸತಲ್ಲ. ತಾಳಮದ್ದಳೆಯಲ್ಲಿ ಎದುರು ಒಬ್ಬ ಗಟ್ಟಿ ಕೌರವ ಕೂತುಕೊಳ್ಳದೆ ಕೃಷ್ಣಸಂಧಾನ ಆಗುತ್ತದಾ? ರಾತ್ರಿಯಿಡೀ ವಾದ ಕೇಳಿ, ಯಾರ ಮಾತು ಎಲ್ಲಿ ಸೋತಿತು ಅಂತ ಹೇಳುವ ಅಜ್ಜಂದಿರ ಊರು ಇದು. ಅಂಥ ಊರಿನಲ್ಲಿ ಐದು ನಿಮಿಷ ಓದಿ ಪ್ರಶ್ನೆಯೇ ಇಲ್ಲದೆ ಇಳಿಯುವ ವಿದ್ವತ್ ಸಭೆ ನಡೆಯುವುದು ನನಗೆ ವಿಚಿತ್ರ ಕಾಣುತ್ತದೆ.

ಇಡೀ ದಿನಕ್ಕೆ ಎಂಟೇ ಪೇಪರ್ ಸಾಕು. ಇಪ್ಪತ್ತು ನಿಮಿಷ ಮಾತು, ಇಪ್ಪತ್ತು ನಿಮಿಷ ಪ್ರಶ್ನೆ. ಪೇಪರನ್ನು ಮೊದಲೇ ಓದಿ ಬಂದ ಇಬ್ಬರು ಎದುರು ಕೂರಲಿ. ಅಡಿಕೆಯ ವಿಷಯವಾದರೆ ಅದರಲ್ಲಿ ಒಬ್ಬರು ಅಡಿಕೆ ಬೆಳೆಗಾರರಿರಲಿ. ವಿದ್ಯಾರ್ಥಿಗಳಿಂದ ಒಂದು ಪೈಸೆ ಬೇಡ. ಬ್ಯಾಗೂ ಬೇಡ.

ಅಲ್ಲಿಯವರೆಗೆ, ದುಡ್ಡು ಕಟ್ಟಬಹುದಾ ಅಂತ ಕೇಳುವ ತಮ್ಮ ತಂಗಿಯರಿಗೆ ನನ್ನ ಉತ್ತರ ಇಷ್ಟೇ: ಹೋದ ವರ್ಷ ಅಲ್ಲಿಗೆ ಹೋದವರೊಬ್ಬರನ್ನು ಹುಡುಕಿ ಫೋನು ಮಾಡಿ. ಅಲ್ಲಿ ಎಂತ ಪ್ರಶ್ನೆ ಕೇಳಿದರು ಅಂತ ವಿಚಾರಿಸಿ. ಅವರಿಗೆ ಒಂದು ಪ್ರಶ್ನೆಯಾದರೂ ನೆನಪಿದ್ದರೆ ಕಟ್ಟಬಹುದು. ಊಟ ಮಾತ್ರ ನೆನಪಿದ್ದರೆ, ಆ ದುಡ್ಡು ಅಮ್ಮನ ಹತ್ತಿರವೇ ಇರಲಿ.