ಸೋತವನ ಅಳಲು, ಗೆದ್ದವನ ಆಸ್ಥಾನ

ಬೆಂಗಳೂರಿನ ಬೊಮ್ಮನಹಳ್ಳಿ ದಾಟಿ ಬೇಗೂರಿಗೆ ಹೋದರೆ ನಾಗೇಶ್ವರ ದೇವಾಲಯದಲ್ಲಿ ಕ್ರಿ.ಶ. 890ರ ಸುಮಾರಿನ ಒಂದು ವೀರಗಲ್ಲು ಇದೆ. ‘ಬೆಂಗಳೂರು’ ಎಂಬ ಹೆಸರು ನಮಗೆ ಮೊದಲು ಸಿಗುವುದು ಅದರಲ್ಲಿ, ಅದೂ ಒಂದು ಕಾಳಗದ ಹೆಸರಾಗಿ. ಅದೇ ಬೇಗೂರಿನ ಇನ್ನೊಂದು ದೊಡ್ಡ ಕಲ್ಲು ಈಗ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ನಾಗತ್ತರ ವೀರಮಹೇಂದ್ರನ ಸೇನೆಯೊಡನೆ ಕಾದಿ ಮಡಿದದ್ದನ್ನು ಶಿಲ್ಪಿ ಆನೆ, ಕುದುರೆ, ಉರುಳಿಬಿದ್ದ ಹೆಣಗಳ ಸಮೇತ ಕೆತ್ತಿದ್ದಾನೆ. ಸತ್ತ ನಾಗತ್ತರನಿಗೆ ಹೆಸರಿದೆ, ಕೀರ್ತಿಯಿದೆ, ಕಲ್ಲಿದೆ. ಎದುರು ಪಡೆಯಲ್ಲಿ ಬಿದ್ದವರಿಗೆ ಏನೂ ಇಲ್ಲ. ವೀರಗಲ್ಲು ನಮ್ಮವರಿಗಾಗಿ ನಿಲ್ಲಿಸುವ ಕಲ್ಲು. ಅದರಿಂದ ಬೇರೆಯದನ್ನು ಕೇಳುವುದೂ ತಪ್ಪು.

ಆಶ್ಚರ್ಯ ಇರುವುದು ಮುಂದೆ. ಈ ಕಲ್ಲುಗಳು ನಿಂತು ಅರ್ಧ ಶತಮಾನ ಕಳೆಯುವಷ್ಟರಲ್ಲಿ, 941ರಲ್ಲಿ, ಕತ್ತಿ ಹಿಡಿದು ಬಲ್ಲ ಕವಿಯೊಬ್ಬ ವೀರಗಲ್ಲಿನ ಈ ಕಟ್ಟನ್ನು ಮುರಿದ. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರ್ಜುನನೆಂದರೆ ಆಶ್ರಯದಾತ ಅರಿಕೇಸರಿ. ಹಾಗಿದ್ದ ಮೇಲೆ ಕರ್ಣ ರಾಜನ ಶತ್ರು. ಆದರೆ ಕರ್ಣ ಬಿದ್ದಾಗ ಪಂಪ ಅರಿಕೇಸರಿಯನ್ನು ಅರೆಗಳಿಗೆ ಮರೆತವನಂತೆ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಿದ್ದರೆ ಕರ್ಣನನ್ನು ನೆನೆಯಿರಿ ಎಂಬ ಅರ್ಥದ ಮಾತು ಹೇಳುತ್ತಾನೆ. ಕಾವ್ಯದ ಕೊನೆಯಲ್ಲಿ ಒಬ್ಬೊಬ್ಬರ ಹಿರಿಮೆಯನ್ನು ಎಣಿಸುವಾಗಲೂ ಮೊದಲ ಹೆಸರು ದುರ್ಯೋಧನನದು. ಗೆದ್ದವನ ಅನ್ನ ಉಂಡು ಸೋತವನಿಗೆ ಕಣ್ಣೀರು ಮೀಸಲಿಡುವ ಈ ಪರಿ ಮುಂದೆ ಕನ್ನಡದಲ್ಲಿ ಒಂದು ಪರಂಪರೆಯೇ ಆಯಿತು. ನಾಗಚಂದ್ರನ ರಾವಣ, ಕುಮಾರವ್ಯಾಸನಲ್ಲಿ ಕರ್ಣನ ಎದುರು ನಿಂತು ಕಾರಣ ತಿಳಿಯದ ಅಕ್ಕರೆಯಿಂದ ಬಾಣ ತಡೆಯುವ ಅರ್ಜುನ, ಕುವೆಂಪು ಅವರ ರಾವಣ ಎಲ್ಲರೂ ಇದೇ ದಾರಿಯವರು.

ಈ ದಾರಿಯಲ್ಲಿ ಅತಿ ದೂರ ಹೋದವನು ರನ್ನ. ಮುದುವೊಳಲಿನ ಬಳೆಗಾರರ ಮನೆಯ ಹುಡುಗ, ಚಾಲುಕ್ಯ ಚಕ್ರವರ್ತಿಯ ಕವಿಚಕ್ರವರ್ತಿಯಾದವನು. ‘ಗದಾಯುದ್ಧ’ದ ಇನ್ನೊಂದು ಹೆಸರೇ ‘ಸಾಹಸಭೀಮ ವಿಜಯ’. ಭೀಮನೆಂದರೆ ಕವಿಯ ಆಶ್ರಯದಾತ, ಚಾಲುಕ್ಯರ ಸತ್ಯಾಶ್ರಯ ಇರಿವಬೆಡಂಗ. ಆದರೆ ಕಾವ್ಯ ಓದಿ ಮುಗಿಸಿದವರ ಎದೆಯಲ್ಲಿ ಉಳಿಯುವವನು ದುರ್ಯೋಧನ. ರನ್ನ ಇದನ್ನು ಹೇಗೆ ಸಾಧಿಸಿದ? ಗೆದ್ದವನಿಂದ ಕನಿಕರದ ಮಾತು ಆಡಿಸಲಿಲ್ಲ. ಗೆದ್ದವನ ಕನಿಕರ ಅಗ್ಗ, ಅದರಲ್ಲಿ ಜಂಬದ ವಾಸನೆ ಇರುತ್ತದೆ. ರನ್ನ ಶತ್ರುವನ್ನೇ ಅಳಲು ಬಿಟ್ಟ. ಸಂಜಯನ ಹೆಗಲು ಹಿಡಿದು, ನೆತ್ತರಿನಲ್ಲಿ ಕಾಲು ಜಾರುತ್ತ, ಮರುಳುಗಳ ಅಣಕ ಕೇಳುತ್ತ ಕೌರವ ಒಂದೊಂದೇ ಹೆಣದ ಮುಂದೆ ನಿಲ್ಲುತ್ತಾನೆ. ನಾವೂ ಅವನ ಜತೆ ನಡೆಯಬೇಕಾಗುತ್ತದೆ, ಬೇರೆ ದಾರಿಯನ್ನು ಕವಿ ಬಿಟ್ಟಿಲ್ಲ.

ಆ ನಡಿಗೆಯಲ್ಲಿ ಎರಡು ನಿಲುಗಡೆಗಳು ನನ್ನ ಮಟ್ಟಿಗೆ ಇಡೀ ಕಾವ್ಯದ ತಿರುಳು. ಒಂದು ಅಭಿಮನ್ಯುವಿನದು. ತನ್ನ ಮಗ ಲಕ್ಷಣಕುಮಾರನನ್ನು ಕೊಂದ ಹುಡುಗ ಅವನು. ದುರ್ಯೋಧನ ಅವನ ಶವಕ್ಕೆ ಕೈಮುಗಿದು, ನಿನ್ನ ಸಾಹಸದಲ್ಲಿ ಒಂದು ಪಾಲಿನಷ್ಟಾದರೂ ಇರುವ ಸಾವು ನನಗೂ ಬರಲಿ ಎಂದು ಬೇಡುತ್ತಾನೆ. ಕವಿಗೆ ಶತ್ರುವಾದವನು ತನ್ನ ಶತ್ರುವಿಗೆ ತಲೆಬಾಗುತ್ತಾನೆ. ಇನ್ನೊಂದು ಕರ್ಣನದು. ನೀನು ಯಾರ ಮಗನೆಂದು ನನಗೆ ಗೊತ್ತಿತ್ತು ಎಂದು ದುರ್ಯೋಧನ ಹೆಣದ ಮುಂದೆ ಹೇಳಿಬಿಡುತ್ತಾನೆ. ಗೊತ್ತಿದ್ದೂ ಅಣ್ಣನನ್ನು ತಮ್ಮಂದಿರ ಮೇಲೆ ಬಿಟ್ಟವನು ಅವನು! ದುಃಖದ ಒಳಗೆ ತಪ್ಪೊಪ್ಪಿಗೆಯನ್ನೂ ಹೀಗೆ ಅಡಗಿಸಿದ್ದರಿಂದಲೇ ರನ್ನನ ಶತ್ರು ಮನುಷ್ಯನಾಗುತ್ತಾನೆ. ಬರಿ ಒಳ್ಳೆಯವನಾಗಿದ್ದರೆ ಆಗುತ್ತಿರಲಿಲ್ಲ.

ಹೊಸಗನ್ನಡಕ್ಕೆ ಈ ರನ್ನನನ್ನು ದಾಟಿಸಿದವರು ಬಿ.ಎಂ. ಶ್ರೀಕಂಠಯ್ಯನವರು. ಅವರ ನಾಟಕಗಳನ್ನು ಒಟ್ಟಿಗೆ ಇಟ್ಟುಕೊಂಡರೆ ಅವರ ಮನಸ್ಸು ಎತ್ತ ಎಳೆಯುತ್ತಿತ್ತು ಎಂದು ಕಾಣುತ್ತದೆ. 1926ರ ‘ಗದಾಯುದ್ಧ ನಾಟಕಂ’ ರನ್ನನದು. 1929ರ ‘ಅಶ್ವತ್ಥಾಮನ್’ ಸೊಫೊಕ್ಲಿಸನ ‘ಏಜಾಕ್ಸ್’ ಆಧರಿಸಿದ್ದು. ಆ ಮೂಲದಲ್ಲಿ ಏಜಾಕ್ಸನ ಶವಸಂಸ್ಕಾರಕ್ಕಾಗಿ ವಾದಿಸುವವನು ಅವನ ಹಗೆ ಒಡಿಸ್ಯೂಸ್. 1935ರ ‘ಪಾರಸಿಕರು’ ಈಸ್ಕಿಲಸನದು. ಸಲಾಮಿಸ್ ಕದನದಲ್ಲಿ ಪರ್ಷಿಯನ್ನರನ್ನು ಸೋಲಿಸಿದ ಎಂಟೇ ವರ್ಷಕ್ಕೆ, ಕ್ರಿ.ಪೂ. 472ರಲ್ಲಿ, ಅಥೆನ್ಸಿನ ಜನ ಆ ಪರ್ಷಿಯನ್ನರ ರಾಜಮಾತೆಯ ಗೋಳನ್ನು ರಂಗದ ಮೇಲೆ ಕಂಡರು. ಬರೆದವನು ಮ್ಯಾರಥಾನಿನಲ್ಲಿ ಅದೇ ಶತ್ರುಗಳ ಮೇಲೆ ಕಾದಿದ್ದವನು. ರನ್ನನನ್ನು ಗ್ರೀಕರ ಸಾಲಿನಲ್ಲಿ ಕೂರಿಸಿದ್ದು ಬಿಎಂಶ್ರೀ ಅವರ ದೊಡ್ಡ ಕೆಲಸ. ಆದರೆ ಒಂದು ನಷ್ಟವೂ ಆಯಿತು. ದುರ್ಯೋಧನ ದುರಂತ ನಾಯಕನೆಂದು ಒಪ್ಪಿಕೊಂಡ ಮೇಲೆ ನಾವು ಅವನನ್ನು ಪ್ರಶ್ನಿಸುವುದನ್ನೇ ಬಿಟ್ಟೆವು.

ಈ ಪರಂಪರೆಗೆ ಕುರುಡು ಜಾಗಗಳಿವೆ. ಅದು ಗುರುತಿಸುವ ಮನುಷ್ಯ ಯಾವಾಗಲೂ ಅರಸು, ಅರಸನ ಮಗ, ಅರಸನ ಗೆಳೆಯ. ದುರ್ಯೋಧನ ದಾಟಿಹೋಗುವ ಸಾವಿರಾರು ಕಾಲಾಳುಗಳ ಹೆಣಗಳು ಬೀಭತ್ಸ ರಸಕ್ಕೆ ಸಾಮಗ್ರಿಯಷ್ಟೇ. ಈ ಲೆಕ್ಕದಲ್ಲಿ ಬೇಗೂರಿನ ಕಲ್ಲೇ ಮೇಲು: ಬೆಂಗಳೂರು ಕಾಳಗದಲ್ಲಿ ಸತ್ತ ಬುಟ್ಟನಸೆಟ್ಟಿ ಎಂಬ, ಯಾವ ಕಾವ್ಯದಲ್ಲೂ ಬಾರದ ಒಬ್ಬನ ಹೆಸರನ್ನು ಅದು ಇಂದಿಗೂ ಹೊತ್ತಿದೆ.

ಇನ್ನೊಂದು ಕುರುಡು ಜಾಗ ಇದಕ್ಕಿಂತ ಗಂಭೀರ. ‘ಗದಾಯುದ್ಧ’ದ ಆರಂಭದಲ್ಲಿ ಬಿಚ್ಚಿದ ಮುಡಿಯ ದ್ರೌಪದಿ ಭೀಮನನ್ನು ಕೆಣಕಿ ಮಾತಾಡುತ್ತಾಳೆ. ರನ್ನ ಆ ಮಾತನ್ನು ಖಾರವಾಗಿಯೇ ಬರೆದಿದ್ದಾನೆ. ಕೌರವನ ಶೋಕ ಉಕ್ಕಿದಂತೆ ಅದು ಓದುಗನ ನೆನಪಿನಿಂದ ಜಾರುತ್ತದೆ. ತಪ್ಪು ಕವಿಗಿಂತ ಹೆಚ್ಚಾಗಿ ನಮ್ಮದು. ಪಿಯುಸಿ ಪಠ್ಯಕ್ಕೆ ಬಂದದ್ದು ‘ದುರ್ಯೋಧನ ವಿಲಾಪ’, ದ್ರೌಪದಿಯ ಮಾತಲ್ಲ. ಶತ್ರುವಿನ ಕಣ್ಣೀರನ್ನು ಮಕ್ಕಳಿಗೆ ತೋರಿಸುವುದು ಒಳ್ಳೆಯದೇ. ಆದರೆ ಅವನಿಂದ ನೊಂದವಳ ಮಾತು ಕೇಳದೆ ಆ ಕಣ್ಣೀರನ್ನು ಅಳೆಯುವುದು ಹೇಗೆ? ಮುಂದಿನ ಸಲ ಪಠ್ಯ ಪರಿಷ್ಕರಿಸುವವರು ಅದೇ ಕಾವ್ಯದ ಮೊದಲ ಆಶ್ವಾಸದಿಂದ ನಾಲ್ಕು ಪದ್ಯ ಆರಿಸಿ ವಿಲಾಪದ ಮುಂದೆ ಸೇರಿಸಲಿ. ಗಮಕ ವಾಚನ ಮಾಡುವವರೂ ಅಲ್ಲಿಂದಲೇ ಶುರುಮಾಡಲಿ.