ತಿಂಗಳಿಲ್ಲದ ಪಟ್ಟಿ

ರಾಯಚೂರು ಜಿಲ್ಲೆಯಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ಮಸ್ಕಿಯ ಅಶೋಕನ ಶಾಸನ, ಮುದಗಲ್ಲ ಕೋಟೆ, ಜಲದುರ್ಗ, ಹಟ್ಟಿ ಚಿನ್ನದ ಗಣಿ. ಪ್ರವಾಸದ ಕೈಪಿಡಿಯಲ್ಲೂ ಇದೇ, ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸಿನಲ್ಲೂ ಇದೇ, ಶಾಲೆಯ ಪ್ರಬಂಧದಲ್ಲೂ ಇದೇ. ಸಿಂಧನೂರಿನ ಪಾಲಿಗೆ ‘ಭತ್ತದ ಕಣಜ’ ಎಂಬ ಒಂದು ಮಾತು ಸಿಕ್ಕರೆ ಹೆಚ್ಚು. ಆರ್.ಎಚ್. ಕ್ಯಾಂಪ್ ಎಂಬ ಹೆಸರು ಬರುವುದೇ ಇಲ್ಲ.

ಪಟ್ಟಿಯಲ್ಲಿ ಏನೋ ಬಿಟ್ಟುಹೋಗಿದೆ, ಸೇರಿಸಿಬಿಡಿ ಎಂದು ಹೇಳಿ ಮುಗಿಸಬಹುದಾದ ತಕರಾರು ಇದಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಪಟ್ಟಿಗೆ ಜಾಗ ಗೊತ್ತು, ತಿಂಗಳು ಗೊತ್ತಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲೂಕುಗಳ ಮಟ್ಟಿಗೆ ಅದು ಸಣ್ಣ ಕೊರತೆಯಲ್ಲ. ಇಲ್ಲಿ ನೋಡುವಂಥದ್ದರಲ್ಲಿ ಮುಕ್ಕಾಲು ಪಾಲು ಇಂಥ ಹೊತ್ತಿಗೆ ಇರುತ್ತದೆ, ಇಂಥ ಹೊತ್ತಿಗೆ ಇರುವುದಿಲ್ಲ. ಅದನ್ನು ಹೇಳದ ಪಟ್ಟಿ ಹಿಡಿದು ಮೇ ತಿಂಗಳಲ್ಲಿ ಬಂದಿಳಿದವನು ಮಸ್ಕಿಯ ಗುಡ್ಡದ ಮೇಲೆ ಕಾದ ಬಂಡೆ ಮುಟ್ಟಿ, ನೀರಿಲ್ಲದ ಕಾಲುವೆಯ ಗುಂಟ ಸಾಗಿ, ಬಿರಿದ ಎರೆಭೂಮಿ ನೋಡಿಕೊಂಡು ವಾಪಸಾಗುತ್ತಾನೆ. ಈ ಸೀಮೆಯಲ್ಲಿ ಏನೂ ಇಲ್ಲ ಎಂಬ ಮಾತು ಹುಟ್ಟುವುದು ಹೀಗೆಯೇ.

ಇಲ್ಲಿನ ಪಂಚಾಂಗ ಬರೆಯುವುದು ತುಂಗಭದ್ರೆ. ಅಣೆಕಟ್ಟೆ 1953ರಲ್ಲಿ ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಬರುವ ತನಕ ಇದು ಜೋಳದ ನಾಡು, ನಿಜಾಮರ ಸೀಮೆಯ ಒಣಭೂಮಿ. ನೀರು ಬಂದ ಮೇಲೆ ಕರಾವಳಿ ಆಂಧ್ರದ ರೈತರು ಬಂದು ಅಗ್ಗಕ್ಕೆ ಸಿಕ್ಕ ಹೊಲ ಕೊಂಡು, ಗದ್ದೆ ಮಾಡಿ, ಗದ್ದೆಯ ಪಕ್ಕದಲ್ಲೇ ಮನೆ ಕಟ್ಟಿದರು. ಅವು ‘ಕ್ಯಾಂಪು’ಗಳಾದವು. ಈಗಲೂ ನೀರಾವರಿ ಸಲಹಾ ಸಮಿತಿ ಕುಳಿತು ಕಾಲುವೆಗೆ ನೀರು ಬಿಡುವ ತಾರೀಖು ಹೇಳಿದ ಮೇಲೆಯೇ ಊರಿಗೆ ಜೀವ ಬರುವುದು. ಮದುವೆಯ ಮಾತುಕತೆ, ಸಾಲದ ಮಾತುಕತೆ, ಟ್ರ್ಯಾಕ್ಟರ್ ರಿಪೇರಿ ಎಲ್ಲಕ್ಕೂ ಅದೇ ಲೆಕ್ಕ. ಮಳೆಗಾಲದಲ್ಲಿ ಸಸಿ ಮಡಿ, ಆಮೇಲೆ ನಾಟಿ, ದಸರೆಯ ಹೊತ್ತಿಗೆ ಕಣ್ಣು ಹಾಯುವಷ್ಟೂ ಹಸಿರು, ನವೆಂಬರ್ ಕಳೆಯುವಾಗ ಕೊಯ್ಲಿನ ಯಂತ್ರಗಳ ಸಾಲು, ರಸ್ತೆಯ ಅಂಚಿನಲ್ಲಿ ಒಣಗಲು ಹರವಿದ ಸೋನಾ ಮಸೂರಿ. ಡ್ಯಾಮಿನಲ್ಲಿ ನೀರು ಉಳಿದಿದ್ದರೆ ಎರಡನೇ ಬೆಳೆ. ಇಲ್ಲದಿದ್ದರೆ ಇಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನು ಕಿತ್ತು ಗೇಟು ಕೊಚ್ಚಿಹೋದಾಗ, ನದಿಯಿಂದ ದೂರದಲ್ಲಿರುವ ಸಿಂಧನೂರಿನ ಗಂಜ್ ಪೇಟೆಯಲ್ಲೂ ಮಾತು ನಿಂತದ್ದು ಇದೇ ಕಾರಣಕ್ಕೆ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ವಾರದೊಳಗೆ ಬಾಯಿ ಮುಚ್ಚಿದ ಕೆಲಸವನ್ನು ಜನ ಈಗಲೂ ಜಾತ್ರೆಯ ತೇರು ಎಳೆದ ಕತೆಯಂತೆ ಹೇಳುತ್ತಾರೆ.

ಪಟ್ಟಿ ಬಿಟ್ಟುಬಿಟ್ಟ ಆರ್.ಎಚ್. ಕ್ಯಾಂಪ್ ಇರುವುದು ಈ ಹಸಿರಿನ ನಡುವೆಯೇ. ಪೂರ್ವ ಪಾಕಿಸ್ತಾನದಿಂದ ದಿಕ್ಕೆಟ್ಟು ಬಂದ ಬಂಗಾಳಿ ಕುಟುಂಬಗಳನ್ನು ಕೇಂದ್ರ ಸರ್ಕಾರ ದೇಶದ ಬೇರೆಬೇರೆ ಮೂಲೆಗಳಿಗೆ ಕಳಿಸಿತಷ್ಟೆ. ದಂಡಕಾರಣ್ಯದ ಕತೆ ಎಲ್ಲರಿಗೂ ಗೊತ್ತು. 1970ರ ದಶಕದ ಆರಂಭದ ಹೊತ್ತಿಗೆ ಸಿಂಧನೂರು ತಾಲೂಕಿನಲ್ಲಿ ನೆಲೆ ಪಡೆದವರ ಕತೆ ಕರ್ನಾಟಕದಲ್ಲೇ ಬಹಳ ಮಂದಿಗೆ ಗೊತ್ತಿಲ್ಲ. ಬಂದವರಲ್ಲಿ ಹೆಚ್ಚಿನವರು ನಾಮಶೂದ್ರರು, ಹೊಳೆಯ ಬದಿಯಲ್ಲಿ ಬೇಸಾಯ ಮಾಡುತ್ತಿದ್ದವರು. ಭತ್ತ ಬಲ್ಲವರಾದರೂ ಎರೆಮಣ್ಣನ್ನು ಅವರು ಕಂಡಿರಲಿಲ್ಲ. ಮಳೆ ಬಿದ್ದರೆ ಕಾಲು ಕೀಳಲು ಬಿಡದ, ಬಿಸಿಲು ಬಿದ್ದರೆ ಗುಂಡಾಗಿ ಬಿರಿಯುವ ಈ ಮಣ್ಣಿನಲ್ಲಿ ಅವರು ಕಾಲುವೆ ನೀರು ಕಟ್ಟಿ ಬದುಕಿದರು. ಪುನರ್ವಸತಿಯ ಈ ಊರುಗಳಿಗೆ ಹೆಸರಿಟ್ಟು ತೊಟ್ಟಿಲು ತೂಗಿದವರಿಲ್ಲ. ಒಂದನೇ ನಂಬರು, ಎರಡನೇ ನಂಬರು, ಮೂರನೇ ನಂಬರು ಎಂದು ಕಡತದಲ್ಲಿ ಬಿದ್ದ ಅಂಕಿಯೇ ಊರ ಹೆಸರಾಗಿ ನಿಂತಿದೆ.

ಇಲ್ಲಿಗೆ ಬರಬೇಕಾದ್ದು ಆಶ್ವಯುಜದಲ್ಲಿ. ಅದೂ ಕ್ಯಾಂಪೊಂದನ್ನೇ ನೋಡಿ ಹೋಗದೆ, ಅದೇ ತಾಲೂಕಿನ ಸೋಮಲಾಪುರದ ಅಂಬಾಮಠವನ್ನೂ ಜೊತೆಗಿಟ್ಟುಕೊಂಡು ಬರಬೇಕು. ಉತ್ತರ ಕರ್ನಾಟಕದ ಮನೆಮನೆಯಲ್ಲಿ ನವರಾತ್ರಿಗೆ ಹಚ್ಚುವ ದೇವಿ ಪುರಾಣ ಇದೆಯಲ್ಲ, ಅದನ್ನು ಕನ್ನಡ ಷಟ್ಪದಿಯಲ್ಲಿ ಬರೆದ ಚಿದಾನಂದಾವಧೂತರು ತಪಸ್ಸು ಮಾಡಿದ ಸ್ಥಳ ಅಂಬಾಮಠದ ಈ ಸಿದ್ಧಪರ್ವತ. ಮಾರ್ಕಂಡೇಯ ಪುರಾಣದೊಳಗಿನ ದೇವೀಮಹಾತ್ಮೆ ಅವರ ಕೈಯಲ್ಲಿ ಕನ್ನಡವಾಯಿತು. ಅದೇ ದೇವೀಮಹಾತ್ಮೆಯೇ ಬಂಗಾಳಿಗಳ ಚಂಡೀಪಾಠ. ಒಂದು ಸಂಸ್ಕೃತ ಗ್ರಂಥ ಎರಡು ದಾರಿ ಹಿಡಿದು, ಒಂದು ಷಟ್ಪದಿಯಾಗಿ ಇಲ್ಲೇ ಬೆಳೆದು, ಇನ್ನೊಂದು ನಿರಾಶ್ರಿತರ ಗಂಟಿನೊಳಗೆ ಕೂತು ಪದ್ಮಾ ನದಿಯ ಆಚೆಯಿಂದ ಬಂದು, ಒಂದೇ ತಾಲೂಕಿನಲ್ಲಿ, ಒಂದೇ ಒಂಬತ್ತು ದಿನಗಳಲ್ಲಿ ಓದಿಸಿಕೊಳ್ಳುತ್ತದೆ. ಇಂಥದ್ದು ನಾಡಿನಲ್ಲಿ ಇನ್ನೆಲ್ಲಿದೆಯೋ ನಾನು ಕಾಣೆ. ಮೈಸೂರಿನ ದಸರೆಗೆ ಸುರಿಯುವ ಹಣದಲ್ಲಿ ಒಂದು ಚೂರು ಇತ್ತ ಬಿದ್ದಿದ್ದರೆ ಎಂದು ಒಮ್ಮೆ ಅನಿಸುತ್ತದೆ. ಬಿದ್ದಿದ್ದರೆ ಇದೂ ದೀಪಾಲಂಕಾರ, ಆರ್ಕೆಸ್ಟ್ರಾ, ಗಣ್ಯರ ಕುರ್ಚಿಗಳ ಸಾಲು ಆಗುತ್ತಿತ್ತು ಎಂದು ಮರುಕ್ಷಣ ಅನಿಸುತ್ತದೆ.

ಎರಡೂ ಕಡೆಯ ದೇವಿ ಒಬ್ಬಳೇ ಆದರೂ ಬರುವ ರೀತಿ ಬೇರೆ. ನಮ್ಮ ಕಡೆ ಪಾಡ್ಯಕ್ಕೆ ಘಟ ಹಾಕಿ, ದೀಪ ಆರದಂತೆ ಕಾದು, ದಿನಕ್ಕಿಷ್ಟು ಸಂಧಿಯಂತೆ ಪುರಾಣ ಹೇಳುತ್ತಾರೆ. ಅವಳು ತಾಯಿ, ಶುಂಭ ನಿಶುಂಭರ ಸಂಹಾರಕ್ಕೆ ನಿಂತವಳು. ಮನೆಯಲ್ಲಿ ಮಡಿ, ಒಲೆಯ ಮೇಲೆ ಸಾತ್ವಿಕ ಅಡುಗೆ. ಬಂಗಾಳಿ ಮನೆಗೆ ಅವಳು ಬರುವುದು ಷಷ್ಠಿಗೆ. ಬಿದಿರಿನ ಚೌಕಟ್ಟಿಗೆ ಭತ್ತದ ಹುಲ್ಲು ಬಿಗಿದು ಮೈ ಮಾಡಿ, ಮೇಲೆ ಮಣ್ಣು ಮೆತ್ತಿ, ಒಣಗಿಸಿ, ಬಿರುಕಿಗೆ ಮತ್ತೆ ಮಣ್ಣು ತುಂಬಿ, ಬಣ್ಣ ಹಚ್ಚಿ, ಎಲ್ಲ ಮುಗಿದ ಮೇಲೆ ಕಣ್ಣು ಬರೆಯುವುದು ಅವರ ಮೂರ್ತಿಯ ಪದ್ಧತಿ. ಸಿಂಧನೂರಿನಲ್ಲಿ ಹುಲ್ಲಿಗೇನು ಬರ! ಅಕ್ಕಪಕ್ಕ ಲಕ್ಷ್ಮಿ, ಸರಸ್ವತಿ, ಗಣಪತಿ, ಕಾರ್ತಿಕ: ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಮಗಳು ಕೈಲಾಸದಿಂದ ತವರಿಗೆ ಬಂದಿದ್ದಾಳೆ. ತವರಿಗೆ ಬಂದ ಮಗಳಿಗೆ ಮೀನಿನ ಸಾರು ಮಾಡದೆ ಕಳಿಸಲು ಬಂಗಾಳಿ ತಾಯಿಯ ಕೈ ಬರುವುದಿಲ್ಲ. ತವರಿನ ಹಾಡು ನಮ್ಮ ಹೆಣ್ಣುಮಕ್ಕಳಿಗೂ ಹೊಸದಲ್ಲ. ಬೀಸುವ ಕಲ್ಲಿನ ಮುಂದೆ ಅವರು ಹಾಡಿದ್ದರಲ್ಲಿ ಅರ್ಧ ಅದೇ. ಆದರೆ ಹುಟ್ಟಿದ ಊರೇ ಇನ್ನೊಂದು ದೇಶವಾಗಿ ಹೋದವರು, ಬಿಟ್ಟುಬಂದ ಮನೆಯತ್ತ ಮತ್ತೆ ತಿರುಗಲಾಗದವರು, ಬೇರೊಬ್ಬರ ಮಗಳಿಗೆ ವರ್ಷವರ್ಷವೂ ತವರಾಗಿ ನಿಲ್ಲುವುದಿದೆಯಲ್ಲ, ಅದಕ್ಕೆ ಕಲ್ಕತ್ತೆಯ ಝಗಮಗ ಪಂಡಾಲಿನಲ್ಲಿ ಇಲ್ಲದ ಅರ್ಥ ಈ ನಂಬರಿನ ಊರುಗಳಲ್ಲಿದೆ. ದಶಮಿಯ ದಿನ ಮುತ್ತೈದೆಯರು ದೇವಿಯ ಹಣೆಗೂ ಒಬ್ಬರಿಗೊಬ್ಬರ ಕೆನ್ನೆಗೂ ಸಿಂಧೂರ ಬಳಿಯುತ್ತಾರೆ. ಅದೇ ಸಂಜೆ ಪಕ್ಕದ ಊರಿನಲ್ಲಿ ‘ಬಂಗಾರ ತಗೊಂಡು ಬಂಗಾರದಂಗ ಇರೂಣು’ ಎಂದು ಬನ್ನಿ ಹಂಚುತ್ತಿರುತ್ತಾರೆ.

ಈಗ ಪಟ್ಟಿ ಹೆಮ್ಮೆಯಿಂದ ಹೇಳುವ ಕಡೆಗೆ ಬರೋಣ. ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡವರು ಬೀಡನ್ ಎಂಬ ಗಣಿ ಎಂಜಿನಿಯರ್. ಚಿನ್ನ ಹುಡುಕಲು ಹೊರಟವರಿಗೆ ಸಿಕ್ಕದ್ದು ಅಶೋಕ. ಅದುವರೆಗೆ ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ ಕಾಣುತ್ತಿದ್ದ ಬಂಡೆಗಳ ಸಾಲಿನಲ್ಲಿ ಅಶೋಕನ ಹೆಸರು ಓದಲು ಸಿಕ್ಕ ಮೊದಲ ಬಂಡೆ ಇದು. ಆಮೇಲೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ, ಮಧ್ಯಪ್ರದೇಶದ ಗುಜರ್ರಾದಲ್ಲೂ ಹೆಸರು ಸಿಕ್ಕಿತು. ಮಸ್ಕಿಯ ಬಗ್ಗೆ ನಮ್ಮ ಪಠ್ಯಗಳು ಹೇಳುವುದು ಇಷ್ಟೇ: ಹೆಸರು ಇದೆ. ಏನು ಬರೆದಿದೆ ಎಂದು ಹತ್ತು ಜನ ಪದವೀಧರರನ್ನು ಕೇಳಿ, ಉತ್ತರ ಬರುವುದು ಅಪರೂಪ. ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ಕಳೆದ ಮೇಲಿನ ಮಾತು ಅದು. ಧರ್ಮದಲ್ಲಿ ನಡೆದರೆ ಸಿಗುವ ಎತ್ತರ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವನಿಗೂ ಎಟಕುತ್ತದೆ ಎಂಬುದು ಅದರ ತಿರುಳು. ಚಕ್ರವರ್ತಿಯೊಬ್ಬ ಪ್ರಾಕೃತದಲ್ಲಿ, ಬ್ರಾಹ್ಮಿ ಅಕ್ಷರದಲ್ಲಿ, ರಾಜಧಾನಿಯಿಂದ ಇಷ್ಟು ದೂರದ ಗುಡ್ಡದಲ್ಲಿ ಸಣ್ಣವರ ಪರವಾಗಿ ಆಡಿದ ಮಾತನ್ನು ಮೂಲೆಗೊತ್ತಿ ನಾವು ಅವನ ಹೆಸರನ್ನು ಬಾಯಿಪಾಠ ಮಾಡಿದ್ದೇವೆ. ಪಟ್ಟಿ ಮಾಡುವ ಬುದ್ಧಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಗುಡ್ಡಕ್ಕೆ ಬಂದವರು ಶಾಸನ ನೋಡಿ ಹಿಂದಿರುಗುವುದೂ ಈ ಪಾಠದ ಫಲವೇ. ಮೇಲೆ ಮಲ್ಲಿಕಾರ್ಜುನನ ಗುಡಿ ಇದೆ. ಅಶೋಕನಿಗಿಂತ ಎಷ್ಟೋ ಹಿಂದೆಯೇ ಇಲ್ಲಿ ಜನ ಇದ್ದರು ಎಂಬುದನ್ನು ಬಿ.ಕೆ. ಥಾಪರ್ 1954ರಲ್ಲಿ ನಡೆಸಿದ ಉತ್ಖನನ ತೋರಿಸಿತು. ಮುದಗಲ್ಲ ಕಡೆಯ ಪಿಕ್ಲಿಹಾಳದಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆದು, ದನ ಸಾಕುತ್ತಿದ್ದ ನವಶಿಲಾಯುಗದ ಜನರ ಬದುಕನ್ನು ಹೊರತೆಗೆದರು. ಅಲ್ಲಿನ ಬಂಡೆಗಳ ಮೇಲೆ ಅವರ ಎತ್ತುಗಳು ಈಗಲೂ ನಿಂತಿವೆ. ಪಿಕ್ಲಿಹಾಳ ಪುರಾತತ್ವದ ಪುಸ್ತಕಗಳಲ್ಲಿ ಜಗತ್ಪ್ರಸಿದ್ಧ, ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಅಪರಿಚಿತ.

ಮುದಗಲ್ಲನ್ನು ‘ಕೋಟೆ’ ಎಂದು ಕರೆದು ಮುಗಿಸುವುದು ನನಗೆ ಅತಿ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಕೋಟೆ ಇದೆ, ಕಂದಕ ಇದೆ, ವಿಜಯನಗರ–ಬಹಮನಿಗಳು ಕಾದಾಡಿದ ಚರಿತ್ರೆ ಇದೆ. ಅಕ್ಕಸಾಲಿಗನ ಮಗಳಿಗಾಗಿ ದೇವರಾಯ ಯುದ್ಧಕ್ಕೆ ಬಂದ ಎಂಬ ಫೆರಿಸ್ತಾನ ಕತೆಯೂ ಇದೆ. ಹಳೆಯ ಕಾಲದ ಕ್ರೈಸ್ತ ಚರ್ಚೂ ಇದೆ. ಆದರೆ ಮುದಗಲ್ಲು ಮುದಗಲ್ಲಾಗುವುದು ಮೊಹರಮ್ಮಿನಲ್ಲಿ. ಹುಸೇನಿ ಆಲಂ ಕೂತ ಮೇಲೆ ಊರಿಗೆ ಊರೇ ಫಕೀರನಾಗುತ್ತದೆ. ಹರಕೆ ಹೊತ್ತವರಲ್ಲಿ ಲಿಂಗಾಯತರು, ಕುರುಬರು, ನಾಯಕರು, ದಲಿತರು, ಮುಸಲ್ಮಾನರು ಎಂದು ಬೇರೆ ಮಾಡಲು ಹೋದವನು ಸೋಲುತ್ತಾನೆ. ಹೆಜ್ಜೆಮೇಳದ ಕುಣಿತ, ಕರ್ಬಲಾದ ಕತೆಯನ್ನು ಕನ್ನಡದಲ್ಲಿ ಕಟ್ಟಿದ ರಿವಾಯತ್ ಪದ, ಬೆಲ್ಲದ ಚೊಂಗೆ, ದೇವರು ದೇವರು ಎದುರಾಗುವ ಭೇಟಿಯ ಗಳಿಗೆಯಲ್ಲಿ ಕೋಟೆಯ ಮುಂದೆ ಸೇರುವ ಜನಸಾಗರ. ಈ ಹಬ್ಬ ಚಾಂದ್ರಮಾನದ್ದು; ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಹತ್ತು–ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2024ರಲ್ಲಿ ಜುಲೈ ನಡುವೆ ಬಂದದ್ದು 2025ರಲ್ಲಿ ಜುಲೈ ಮೊದಲ ವಾರಕ್ಕೆ ಬಂತು. ಅಂದರೆ ಒಮ್ಮೆ ಅಚ್ಚು ಹಾಕಿಸಿ ಗೋಡೆಗೆ ಬಡಿದಿಟ್ಟ ಬೋರ್ಡಿಗೆ ಈ ಹಬ್ಬ ಸಿಗುವುದೇ ಇಲ್ಲ. ಕಲ್ಲು ಮಾತ್ರ ಸಿಗುತ್ತದೆ, ಅದು ಅಲ್ಲೇ ಇರುತ್ತದಲ್ಲ.

ಜಲದುರ್ಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಕೃಷ್ಣೆ ಕವಲೊಡೆದು ಸುತ್ತುವರಿಯುವ ನಡುಗಡ್ಡೆ, ಹೊಳೆ ತುಂಬಿದಾಗ ಅದರ ಗತ್ತೇ ಬೇರೆ. ಹಟ್ಟಿಯನ್ನು ಪ್ರವಾಸಿ ತಾಣ ಎನ್ನುವುದು ಮಾತ್ರ ತಮಾಷೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೆ ದೇಶದ ಗಣಿಗಳಿಂದ ಬರುವ ಚಿನ್ನದಲ್ಲಿ ಬಹುಪಾಲು ಇಲ್ಲಿನದು, ಸರಿ. ಆದರೆ ಅದು ಪಾಳಿಯ ಮೇಲೆ ಮನುಷ್ಯರು ನೆಲದಾಳಕ್ಕೆ ಇಳಿದು ದುಡಿಯುವ ಜಾಗ. ಬಂದವರೆಲ್ಲ ಇಳಿದು ನೋಡಿ ಹತ್ತಿ ಬರುವ ಬಾವಿಯಲ್ಲ.

ಹಾಗಾದರೆ ಆರ್.ಎಚ್. ಕ್ಯಾಂಪನ್ನು ಪಟ್ಟಿಗೆ ಸೇರಿಸಬೇಕೆ? ಇಲ್ಲಿ ನನಗೆ ಹಿಂಜರಿಕೆಯಿದೆ. ‘ಮಿನಿ ಬಂಗಾಳ’ ಎಂಬ ಹಣೆಪಟ್ಟಿ ಸುಲಭವಾಗಿ ಹತ್ತುತ್ತದೆ, ಹತ್ತಿದ ಮೇಲೆ ಬಿಡಿಸಲು ಕಷ್ಟ. ಐವತ್ತು ವರ್ಷ ಎಡದಂಡೆ ಕಾಲುವೆಯ ನೀರಿನಲ್ಲಿ ಸೋನಾ ಮಸೂರಿ ಬೆಳೆದು, ಸಿಂಧನೂರಿನ ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡಿ, ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿದವರನ್ನು ಮತ್ತೆ ಅತಿಥಿಗಳನ್ನಾಗಿ ಮಾಡುವ ಪದ ಅದು. ಇವರ ಪೈಕಿ ತಡವಾಗಿ ಬಂದವರ ಪೌರತ್ವದ ಪ್ರಶ್ನೆ ದಶಕಗಳ ಕಾಲ ಎಳೆದಾಡಿತು. 2019ರ ತಿದ್ದುಪಡಿ ಕಾಯ್ದೆಯ ನಿಯಮಗಳು ಹೊರಬಿದ್ದ ಮೇಲೆ 2024ರಲ್ಲಿ ಕೆಲವರ ಕೈಗೆ ಪ್ರಮಾಣಪತ್ರ ಬಂತು. ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಯಾಗಿರುವ ನಾಮಶೂದ್ರರು ಕರ್ನಾಟಕದ ಪಟ್ಟಿಯಲ್ಲಿ ಇಲ್ಲ. ಆ ಪಟ್ಟಿಯಲ್ಲಿ ಜಾಗ ಕೊಡದೆ ಪ್ರವಾಸಿ ಪಟ್ಟಿಯಲ್ಲಿ ಜಾಗ ಕೊಡುವುದು ಸರ್ಕಾರಕ್ಕೆ ಸುಲಭವಾದೀತು, ಅವರಿಗೆ ಅದರಿಂದ ಏನೂ ಗಿಟ್ಟದು. ಪೂಜೆಯ ದಿನ ಪಂಡಾಲಿನ ಮುಂದೆ ನಿಂತ ಹೊರಗಿನವನು ಪಕ್ಕದ ಊರಿನಿಂದ ಬಂದ ನೆಂಟನಂತೆ ನಿಂತರೆ ಚೆನ್ನ. ಕ್ಯಾಮೆರಾ ಹಿಡಿದು ಹೆಂಗಸರ ಸಿಂಧೂರದ ಮುಖಗಳ ಬೆನ್ನು ಹತ್ತಿದರೆ ಅದು ಹಬ್ಬವಾಗಿ ಉಳಿಯುವುದಿಲ್ಲ.

ಇಷ್ಟಾಗಿಯೂ ಜನ ಬರುವುದು ಹೆಚ್ಚುತ್ತದೆ. 2024ರಿಂದ ಸಿಂಧನೂರಿಗೆ ರೈಲು ಬಂದಿದೆ. ಹುಬ್ಬಳ್ಳಿಯವರು ಬಸ್ಸು ಬದಲಾಯಿಸದೆ ಬಂದು ಇಳಿಯಬಹುದು. ಇಳಿದವರ ಕೈಗೆ ಹಳೆಯ ನಾಲ್ಕು ಹೆಸರಿನ ಹಾಳೆಯನ್ನೇ ಕೊಡುವುದಾದರೆ ಕೊಡದಿರುವುದೇ ಲೇಸು. ಕಾಲುವೆಗೆ ನೀರು ಬಿಡುವ ಪ್ರಕಟಣೆ ಹೊರಟ ಮೇಲೆ ವರ್ಷವರ್ಷವೂ ಹೊಸದಾಗಿ ಒಂದು ಹಾಳೆ ಅಚ್ಚಾಗಲಿ: ಆ ವರ್ಷದ ಮೊಹರಂ ಯಾವಾಗ, ನಾಟಿ ಯಾವ ವಾರದಿಂದ, ಷಷ್ಠಿ ಯಾವ ದಿನ, ದೀಪಾವಳಿ ಅಮಾವಾಸ್ಯೆಗೆ ಬಂಗಾಳಿಗಳ ಕಾಳಿಪೂಜೆ, ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆ, ಮಾಘದ ಪಂಚಮಿಗೆ ಸರಸ್ವತಿ. ಏಪ್ರಿಲ್ ನಡುವೆ ಬಂಗಾಳಿ ಹೊಸ ವರ್ಷ ಬರುತ್ತದೆ, ಅದನ್ನೂ ಬರೆದುಕೊಳ್ಳಲಿ. ಮೇ ತಿಂಗಳ ಮುಂದೆ ಮಾತ್ರ ಜಾಗ ಖಾಲಿ ಬಿಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ.